ವ್ಯಾಕ್ಸಿನ್ ಹಾಕ್ಸೋಕೆ ಕ್ಲಿನಿಕ್‌ಗೆ ಹೋದ್ರೆ ಅಲ್ಲೇ ನಾಯಿಮರಿಗೆ ಪಾರ್ವೋ ಅಂಟುತ್ತಾ?

ಅಂಟಬಹುದು, ಆದ್ರೆ ಆ ಭಯಕ್ಕೆ ವ್ಯಾಕ್ಸಿನ್ ತಪ್ಪಿಸ್ಬೇಡಿ. ಪಾರ್ವೋ ಅಂದ್ರೆ ನಾಯಿಗಳಿಗೆ ವಾಂತಿ-ಭೇದಿ ತರೋ, ಮರಿಗಳ ಜೀವಕ್ಕೇ ಕುತ್ತಾಗೋ ವೈರಸ್ ಕಾಯಿಲೆ. ಅದು ಬಂದ ನಾಯಿಯ ಭೇದಿಲಿ ವೈರಸ್ ರಾಶಿ ರಾಶಿ ಇರುತ್ತೆ, ಅದು ನೆಲ, ಚಪ್ಪಲಿ, ಟೇಬಲ್ಲು, ಚೈನು ಎಲ್ಲಾದಕ್ಕೂ ಮೆತ್ಕೊಂಡು ತಿಂಗಳುಗಟ್ಲೆ ಸಾಯದೆ ಕೂತಿರುತ್ತೆ, ನಮ್ಮ ಮಲ್ನಾಡಿನ ಥಂಡಿ ನೆರಳು ಅಂದ್ರಂತೂ ಅದಕ್ಕೆ ಹಬ್ಬ.

ಚಿಕ್ಕಮಗಳೂರಲ್ಲಿ ನಮ್ಮ ಮರಿನ ಕರ್ಕೊಂಡ್ ಹೋದಾಗ ಕಾಫಿ ಕೊಯ್ಯೋ ಬುಟ್ಟಿಗೆ ಹಳೇ ಟವಲ್ ಹಾಸಿ ಅದ್ರಲ್ಲೇ ಕೂರ್ಸಿದ್ವಿ, ನಮ್ ಸರದಿ ಬರೋವರೆಗೂ ಹೊರಗೆ ಕಾರಲ್ಲೇ ಇದ್ವಿ, ನೆಲಕ್ಕೆ ಕಾಲು ಊರೋಕೇ ಬಿಡ್ಲಿಲ್ಲ. ಪಕ್ಕದೋರು ಮುದ್ದು ಮಾಡೋಕೆ ಬಂದ್ರೂ ಬೇಡ ಅಂದ್ಬಿಡಿ, ಅವ್ರ ಕೈ ಈಗಷ್ಟೇ ಯಾವ ನಾಯಿ ಮುಟ್ಟಿರುತ್ತೋ.

ಜನ ತಪ್ಪು ತಿಳ್ಕೊಂಡಿರೋದು ಏನಂದ್ರೆ, ಸ್ಯಾನಿಟೈಸರ್ ಹಚ್ಕೊಂಡ್ರೆ ಮುಗೀತು ಅಂತ. ಪಾರ್ವೋಗೆ ಅದು ನಾಟಲ್ಲ, ಸೋಪು ಹಾಕಿ ಕೈ ತಿಕ್ಕಿ ತೊಳೀಬೇಕು. ಫಿನಾಯಿಲ್ ವಾಸನೆ ಘಮ್ ಅಂದ ತಕ್ಷಣ ಕ್ಲೀನ್ ಅಂತಾನೂ ಅಲ್ಲ. ಟೇಬಲ್ ಮೇಲಿನ ಗಲೀಜು ತೆಗೆದು ಸೋಪಲ್ಲಿ ಉಜ್ಜಿದ ಮೇಲೆ, 1 ಪಾಲು ಲಿಕ್ವಿಡ್ ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ 10 ನಿಮಿಷ ಹಸಿಯಾಗೇ ಬಿಡ್ಬೇಕು, ಗಲೀಜಿನ ಮೇಲೇ ಸುರಿದ್ರೆ ಬ್ಲೀಚ್ ಶಕ್ತಿ ಅಲ್ಲೇ ಖಾಲಿ. (ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬೆರೆಸ್ಬೇಡಿ, ವಿಷದ ಗಾಳಿ ಬರುತ್ತೆ.)

ಮರಿಗೆ ವಾಂತಿ-ಭೇದಿ ಇದ್ರೆ ಸೀದಾ ಒಳಗೆ ನುಗ್ಗದೆ ಮೊದ್ಲು ಡಾಕ್ಟರ್‌ಗೆ ಫೋನ್ ಮಾಡಿ, ಬೇರೆ ಬಾಗ್ಲಿಂದ ಕರೀತಾರೆ ಇಲ್ಲಾ ಕಾರಿಗೇ ಬಂದು ನೋಡ್ತಾರೆ. ವ್ಯಾಕ್ಸಿನ್‌ನ ಮರಿಗೆ 6-8 ವಾರ ವಯಸ್ಸಾದಾಗ ಶುರು ಮಾಡಿ 3-4 ವಾರಕ್ಕೊಂದರಂತೆ 16 ವಾರ ತುಂಬೋವರೆಗೂ ಹಾಕ್ಸಿ, ಒಂದು ಡೋಸ್ ಆಯ್ತು ಅಂತ ಸಂತೆಗೆಲ್ಲ ಕರ್ಕೊಂಡ್ ಹೋಗ್ಬೇಡಿ.