ಪಾಸ್ತಾ ಅಂಟಿಕೊಳ್ಳಬಾರದು ಅಂದ್ರೆ ಮೊದಲ ಎರಡು ನಿಮಿಷ ಕೈಯಾಡಿಸಿ

ನೀರಿಗೆ ಎರಡು ಚಮಚ ಎಣ್ಣೆ ಹಾಕಿದರೂ ಪಾಸ್ತಾ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ ಎಂದು ಕೇಳಿದ್ದೀರಿ. ನಾನೂ ಮೊದಲು ಎಣ್ಣೆ ಹಾಕುತ್ತಿದ್ದೆ. ಉಪ್ಪಿಟ್ಟಿಗೆ ಶಾವಿಗೆ ಬೇಯಿಸುವಾಗ ಅಮ್ಮ ನೀರಿಗೆ ಎಣ್ಣೆ ಬಿಟ್ಟು, ಬಸಿದ ಮೇಲೆ ತಣ್ಣೀರು ಸುರಿಯುತ್ತಿದ್ದರು. ಪಾಸ್ತಾಗೂ ಅದೇ ಲೆಕ್ಕ ಅಂದುಕೊಂಡಿದ್ದೆ.

ಆದರೆ ಎಣ್ಣೆ ಮೇಲೆ ತೇಲುತ್ತದೆ, ಪಾಸ್ತಾ ನೀರೊಳಗೆ ಇರುತ್ತದೆ. ಎರಡೂ ಸೇರುವುದು ಬಸಿಯುವಾಗ. ಎಣ್ಣೆ ಹತ್ತಿದ ಪಾಸ್ತಾ ಮೇಲೆ ಸಾಸ್ ಸರಿಯಾಗಿ ನಿಲ್ಲುವುದಿಲ್ಲ, ಜಾರಿ ತಟ್ಟೆಗೆ ಇಳಿಯುತ್ತದೆ.

ಅಂಟು ಬರುವುದು ಗೋಧಿಯ ಪಿಷ್ಟದಿಂದ. ಅನ್ನದ ಗಂಜಿ ಇದೆಯಲ್ವಾ, ಅದೇ. ಬಿಸಿನೀರಿಗೆ ಬಿದ್ದ ಕೂಡಲೇ ಪಾಸ್ತಾದ ಮೈಮೇಲಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಂಟಾಗುತ್ತದೆ. ಆಗ ಎರಡು ತುಂಡು ತಾಗಿಕೊಂಡು ಸುಮ್ನೆ ಬಿದ್ದಿದ್ದರೆ ಬೆಸೆದುಕೊಳ್ಳುತ್ತವೆ. ಸ್ಪಾಗೆಟಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಂಟಿದ ಎರಡು ಎಳೆಗಳನ್ನು ಬಿಡಿಸಿ ನೋಡಿ, ಕೂಡಿದ್ದ ಜಾಗ ಬೆಳ್ಳಗೆ ಹಸಿಯಾಗಿಯೇ ಇರುತ್ತದೆ. ಅಲ್ಲಿಗೆ ನೀರೇ ಹೋಗಿರುವುದಿಲ್ಲ. ಒಂದೆರಡು ನಿಮಿಷ ಕಳೆದರೆ ಮೇಲಿನ ಪಿಷ್ಟ ನೀರಿಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಅಂಟುವುದು ಕಡಿಮೆ.

ಹಾಗಾಗಿ ಪಾಸ್ತಾ ಹಾಕಿದ ತಕ್ಷಣ ಒಲೆ ಬಿಟ್ಟು ಹೋಗಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚುವುದನ್ನೆಲ್ಲ ಮೊದಲೇ ಮುಗಿಸಿಕೊಳ್ಳಿ. ಮರದ ಸೌಟಿನಿಂದ ತಳ ಮುಟ್ಟುವ ಹಾಗೆ ಎರಡು ನಿಮಿಷ ಕೈಯಾಡಿಸಿ. ಆಮೇಲೆ ಆಗಾಗ ಒಂದು ಸಲ ಸಾಕು.

ನೀರು ಧಾರಾಳವಾಗಿರಲಿ. ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಉಪ್ಪು ರುಚಿಗೆ ಮಾತ್ರ, ಅಂಟಿಗೂ ಅದಕ್ಕೂ ಸಂಬಂಧವಿಲ್ಲ. ನನಗೆ 10 ಗ್ರಾಂ ಜಾಸ್ತಿ ಅನಿಸಿ 7 ಗ್ರಾಂಗೆ ಇಳಿಸಿದ್ದೇನೆ. ನೀರು ಚೆನ್ನಾಗಿ ಮರಳಿದ ಮೇಲೆಯೇ ಪಾಸ್ತಾ ಹಾಕಿ. ಬೆಂಗಳೂರಿನಂಥ ಎತ್ತರದ ಊರಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗಬಹುದು. ಗಡಿಯಾರ ನಂಬುವ ಬದಲು ಒಂದು ತುಂಡು ಕಚ್ಚಿ ನೋಡಿ.

ಬೆಂದ ಮೇಲೆಯೂ ಒಂದು ಎಚ್ಚರ ಬೇಕು. ಬಸಿದು ಹಾಗೇ ಜರಡಿಯಲ್ಲಿ ಬಿಟ್ಟರೆ ಆರುತ್ತಾ ಮತ್ತೆ ಅಂಟಿಕೊಳ್ಳುತ್ತದೆ. ಸಾಸ್ ಮೊದಲೇ ಬಾಣಲೆಯಲ್ಲಿ ಬಿಸಿಯಾಗಿರಲಿ. ಒಳಗೆ ಇನ್ನೂ ಚೂರು ಗಟ್ಟಿ ಇರುವಾಗಲೇ ಬಸಿದು ನೇರ ಬಾಣಲೆಗೆ ಹಾಕಿ, ಒಂದು ನಿಮಿಷ ಜೊತೆಗೇ ಕುದಿಸಿ. ಬಸಿದ ನೀರನ್ನು ಪೂರ್ತಿ ಚೆಲ್ಲಬೇಡಿ. ಒಂದು ಲೋಟ ಎತ್ತಿಟ್ಟು ಸ್ವಲ್ಪ ಸ್ವಲ್ಪ ಸೇರಿಸಿದರೆ ಸಾಸ್ ಮಂದವಾಗಿ ಪಾಸ್ತಾ ಮೈಗೆ ಹಿಡಿಯುತ್ತದೆ. ತಣ್ಣೀರಲ್ಲಿ ತೊಳೆದರೆ ಆ ಗುಣವೇ ಹೋಗುತ್ತದೆ. ತಣ್ಣಗೆ ತಿನ್ನುವ ಸಲಾಡ್‌ಗಾದರೆ ತೊಳೆಯಬಹುದು.

ಮನೆಯವರು ತಡವಾಗಿ ಊಟಕ್ಕೆ ಬರುವುದಾದರೆ ಮಾತ್ರ ಎಣ್ಣೆ ಬಳಸಿ, ಅದೂ ಬಸಿದ ಮೇಲೆ, ಒಂದು ಚಿಕ್ಕ ಚಮಚ. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಪಾಸ್ತಾವನ್ನು ಕೈಯಲ್ಲಿ ಎಳೆದು ಬಿಡಿಸಬೇಡಿ, ಮುರಿಯುತ್ತದೆ. ಬಾಣಲೆಗೆ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ತಾನಾಗೇ ಬಿಡಿಸಿಕೊಳ್ಳುತ್ತದೆ.