ಒಂದೇ ಪಾತ್ರೆ ಬೇಳೆಯಲ್ಲಿ ಸಾರೂ ಆಗತ್ತೆ ಪಲ್ಯಾನೂ ಆಗತ್ತೆ, ಬಸ್ಸಾರು ಕಲೀರಿ

ಮದುವೆ ಆಗಿ ಆರು ತಿಂಗಳು, ಇಬ್ರೂ ಕೆಲಸಕ್ಕೆ ಹೋಗ್ತೀವಿ, ಇಬ್ರೂ ಸಸ್ಯಾಹಾರಿಗಳು, ರಾತ್ರಿ ಸಾರು ಮಾಡಿದ್ರೆ ಪಲ್ಯಕ್ಕೆ ಟೈಮ್ ಇಲ್ಲ, ಪಲ್ಯ ಮಾಡಿದ್ರೆ ಸಾರಿಗೆ ಇಲ್ಲ, ವಾರದಲ್ಲಿ ನಾಲ್ಕು ದಿನ ಹೊರಗಿಂದ ತರಿಸ್ತೀವಿ, ನೀವೆಲ್ಲ ಹೇಗೆ ನಿಭಾಯಿಸ್ತೀರಾ ಅಂತ ಕೇಳಿದೀರಿ. ನಮ್ಮನೇಲೂ ಹೆಚ್ಚು ಕಮ್ಮಿ ಇದೇ ಪರಿಸ್ಥಿತಿ ಇತ್ತು. ನಮ್ಮದು ನಂಜನಗೂಡು ಕಡೆ, ಈಗ ಹನ್ನೊಂದು ವರ್ಷದಿಂದ ಬೆಂಗಳೂರು, ಹೆಂಡತಿ ನರ್ಸ್, ಅವಳಿಗೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ನೈಟ್ ಡ್ಯೂಟಿ, ಹಾಗಾಗಿ ಮನೇಲಿ ಜಾಸ್ತಿ ಅಡುಗೆ ಮಾಡೋನು ನಾನೇ.

ನನ್ನ ಉತ್ತರ ಒಂದೇ, ಬಸ್ಸಾರು ಮಾಡೋದು ಕಲೀರಿ. ಸಾರು ಬೇರೆ ಪಲ್ಯ ಬೇರೆ ಅಂತ ಎರಡು ಅಡುಗೆ ಮಾಡೋಕೆ ಹೋಗೋದ್ರಿಂದಾನೇ ನಿಮಗೆ ಸುಸ್ತಾಗ್ತಿರೋದು. ಬೇಳೆ ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿದ್ರೆ ಆ ಕಟ್ಟು ಸಾರಾಗತ್ತೆ, ಉಳಿದಿದ್ದು ಪಲ್ಯ ಆಗತ್ತೆ, ಒಂದೇ ಸಲ ಬೇಯಿಸೋದು ಎರಡು ಅಡುಗೆ. ಯುಗಾದಿ ದಿನ ಒಬ್ಬಟ್ಟಿಗೆ ಬೇಳೆ ಬೇಯಿಸಿ ಆ ಕಟ್ಟಲ್ಲಿ ಒಬ್ಬಟ್ಟಿನ ಸಾರು ಮಾಡ್ತಾರಲ್ಲ, ಉತ್ತರ ಕರ್ನಾಟಕದವರು ಕಟ್ಟಿನ ಸಾರು ಅಂತಾರೆ, ಅದೇ ಲೆಕ್ಕ. ಹಬ್ಬದ ದಿನ ಎಲ್ಲರ ಮನೇಲೂ ಗೊತ್ತಿರೋ ಕೆಲಸಾನ ಮೈಸೂರು ಮಂಡ್ಯ ಚಾಮರಾಜನಗರದ ಕಡೆ ನಾವು ದಿನದ ಅಡುಗೆಗೆ ಮಾಡ್ಕೊಂಡಿದೀವಿ ಅಷ್ಟೇ.

ಮಾಡೋ ರೀತಿ ಹೇಳ್ತೀನಿ, ಇದರಲ್ಲಿ ಒಂದೇ ಒಂದು ಕಷ್ಟದ ಜಾಗ ಇರೋದು, ಬೇಳೆ ಬೇಯಿಸೋ ಹದ. ಇಬ್ರಿಗೆ ಎರಡು ಹೊತ್ತಿಗೆ ಅಂದ್ರೆ ಸುಮಾರು 100 ಗ್ರಾಂ ತೊಗರಿಬೇಳೆ ತೊಳೆದು ಅರ್ಧ ಗಂಟೆ ನೆನೆಹಾಕಿ, ನೀವು ಆಫೀಸಿಂದ ಬಂದು ಮುಖ ತೊಳ್ಕೊಂಡು ಕಾಫಿ ಕುಡಿಯೋ ಹೊತ್ತಿಗೆ ನೆಂದಿರತ್ತೆ. ಆಮೇಲೆ ಐದಾರು ಲೋಟ ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ತೆರೆದ ಪಾತ್ರೇಲಿ ಬೇಯಿಸಿ. ದಯವಿಟ್ಟು ಕುಕ್ಕರ್ ಬೇಡ. ನಾನು ಮೊದಲ ಸಲ ಅರ್ಜೆಂಟಲ್ಲಿ ಕುಕ್ಕರಲ್ಲಿಟ್ಟು ನಾಲ್ಕು ವಿಷಲ್ ಕೂಗ್ಸಿದ್ದೆ, ಬೇಳೆ ಪೂರ್ತಿ ಕರಗಿಹೋಗಿ ಬಸಿಯೋಕೆ ಏನೂ ಉಳಿದಿರಲಿಲ್ಲ, ಪಲ್ಯ ಇಲ್ಲದೆ ಬರೀ ಸೊಪ್ಪಿನ ಸಾರಾಯ್ತು. ಫೋನ್ ಮಾಡಿದಾಗ ಅವ್ವ ಹೇಳಿದ್ದು, ಬೇಳೆ ಎರಡು ಬೆರಳಲ್ಲಿ ಹಿಸುಕಿದ್ರೆ ಹಿಸುಕಬೇಕು, ಆದ್ರೆ ಪಾತ್ರೇಲಿ ಕಾಳು ಕಾಳಾಗೇ ಕಾಣ್ಬೇಕು ಕಣಪ್ಪಾ ಅಂತ. ಆ ಹದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕು, ಆ ಟೈಮಲ್ಲಿ ನೀವು ಸೊಪ್ಪು ಹೆಚ್ಚಿಕೊಳ್ಳಬಹುದು, ಇಬ್ಬರಲ್ಲಿ ಒಬ್ರು ಕಾಯಿ ತುರೀಬಹುದು.

ಬೇಳೆ ಮುಕ್ಕಾಲು ಬೆಂದಾಗ ಒಂದು ದೊಡ್ಡ ಕಟ್ಟು ಸೊಪ್ಪು ಮತ್ತೆ ಉಪ್ಪು ಹಾಕಿ, ಮುಚ್ಚಳ ಮುಚ್ಚಬೇಡಿ, ಐದಾರು ನಿಮಿಷ ಸಾಕು. ದಂಟಿನ ಸೊಪ್ಪು ಒಳ್ಳೇದು, ಸಬ್ಬಸಿಗೆ ಇನ್ನೂ ಘಮ. ನನಗೆ ಎಲ್ಲಕ್ಕಿಂತ ಇಷ್ಟ ಬೆರಕೆ ಸೊಪ್ಪು, ಹೊನಗೊನ್ನೆ ಗಣಿಕೆ ಕೀರೆ ಎಲ್ಲ ಸೇರಿಸಿ ಕಟ್ಟಿರ್ತಾರಲ್ಲ ಅದು, ನಮ್ಮ ಬೀದೀಲಿ ಬೆಳಿಗ್ಗೆ ಏಳಕ್ಕೇ ಸೊಪ್ಪೂ ಅಂತ ಕೂಗ್ಕೊಂಡು ಬರೋ ಅಜ್ಜಿ ಹತ್ರ ಮಾತ್ರ ಸಿಗತ್ತೆ, ಆ್ಯಪಲ್ಲಿ ನಾನಂತೂ ನೋಡಿಲ್ಲ. ಬೆಂದಮೇಲೆ ತೂತಿನ ಪಾತ್ರೆಗೆ ಸುರಿದು ಬಸೀರಿ, ಕೆಳಗೆ ಇನ್ನೊಂದು ಪಾತ್ರೆ ಇಡೋದು ಮರೀಬೇಡಿ, ಆ ಕಟ್ಟೇ ನಿಮ್ಮ ಸಾರು.

ಮಸಾಲೆಗೆ ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು, ಅದರ ಜೊತೆ ಅರ್ಧ ಚಮಚ ಜೀರಿಗೆ, ಎಂಟು ಹತ್ತು ಕಾಳು ಮೆಣಸು, ಎರಡು ಚಮಚ ಮನೆ ಸಾರಿನ ಪುಡಿ, ಒಂದು ಹಿಡಿ ಕಾಯಿತುರಿ, ಸಣ್ಣ ಗೋಲಿಯಷ್ಟು ಹುಣಸೆಹಣ್ಣು. ಅಜ್ಜಿ ಕಾಲದಲ್ಲಿ ಈರುಳ್ಳೀನ ಕೆಂಡದಲ್ಲಿ ಸುಟ್ಟು ಒರಳಲ್ಲಿ ರುಬ್ಬೋರು, ಆ ವಾಸನೆ ಗ್ಯಾಸಲ್ಲಿ ಪೂರ್ತಿ ಬರಲ್ಲ, ಆದ್ರೂ ಚಪಾತಿ ಸುಡೋ ಜಾಲರಿ ಮೇಲೆ ಸುಟ್ಟು ನೋಡಿ, ಅರ್ಧಕ್ಕರ್ಧ ಬರತ್ತೆ. ಆಮೇಲೆ ಮುಖ್ಯವಾದ್ದು, ಬಸಿದ ಬೇಳೆ ಸೊಪ್ಪಲ್ಲಿ ಒಂದು ಸೌಟು ತೆಗೆದು ಮಸಾಲೆ ಜೊತೇಲೇ ರುಬ್ಬಬೇಕು, ಇದು ಬಿಟ್ರೆ ಸಾರು ನೀರು ನೀರಾಗಿ ಬೇರೆ ಮಸಾಲೆ ಬೇರೆ ಆಗಿ ನಿಂತುಬಿಡತ್ತೆ. ರುಬ್ಬಿದ್ದನ್ನ ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿ, ಹಸಿ ವಾಸನೆ ಹೋಗಬೇಕು. ಪಕ್ಕದ ಒಲೇಲಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಒಗ್ಗರಣೆಗೆ ಉಳಿದ ಬೇಳೆ ಸೊಪ್ಪು ಹಾಕಿ ಕಾಯಿತುರಿ ಉದುರಿಸಿದ್ರೆ ಪಲ್ಯ ಮುಗೀತು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆ ಆದ್ರೆ ಇಂಗು ಹಾಕಿ ಮೆಣಸು ಜೀರಿಗೆ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ರುಚಿ ಬೇರೆ ಥರ, ಆದ್ರೆ ಅದೂ ಚೆನ್ನಾಗೇ ಇರತ್ತೆ.

ಬೇಳೆ ಬೇಜಾರಾದ್ರೆ ಹೆಸರುಕಾಳು, ಅಲಸಂದೆ, ಹುರಳಿಕಾಳು ಯಾವುದರಲ್ಲಾದ್ರೂ ಮಾಡಬಹುದು. ಕಾಳನ್ನ ಮಾತ್ರ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಡಿಸೆಂಬರ್ ಜನವರೀಲಿ ಸೊಗಡು ಇರೋ ಅವರೆಕಾಯಿ ಬಂದಾಗ ನಾನು ಬೇರೇನೂ ಮಾಡಲ್ಲ.

ಇದರ ಜೊತೆ ಮುದ್ದೆ ಇದ್ರೆ ಮಾತೇ ಬೇಡ. ಕಷ್ಟ ಅಂತ ಹೆದರಬೇಡಿ, ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು, ಒಂದು ಚಮಚ ಹಿಟ್ಟು ಮೊದಲೇ ನೀರಲ್ಲಿ ಕಲಸಿ ಕುದಿ ಬಂದಮೇಲೆ ಉಳಿದ ಹಿಟ್ಟು ಗುಡ್ಡೆ ಥರ ಸುರಿದು ಕೈಯಾಡಿಸದೆ ಸಣ್ಣ ಉರೀಲಿ ಐದು ನಿಮಿಷ ಬಿಡಿ, ಆಮೇಲೆ ಕೋಲಲ್ಲಿ ತಿರುವಿ. ಗಂಟಾಗೋದು ಆತುರಕ್ಕೆ.

ಸಸ್ಯಾಹಾರಿಗಳಿಗೆ ಪ್ರೋಟೀನ್ ಎಲ್ಲಿಂದ ಬರತ್ತೆ ಅಂತ ಎಲ್ರೂ ಹೆದರಿಸ್ತಾರೆ, ತಕ್ಷಣ ಪನೀರ್ ಪೌಡರ್ ಅಂತ ಶುರುಮಾಡ್ತಾರೆ. ಒಂದು ನೂರು ಗ್ರಾಂ ತೊಗರಿಬೇಳೇಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, 100 ಗ್ರಾಂ ರಾಗೀಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಬೇಳೆಗೆ ಧಾನ್ಯ ಸೇರಿದಾಗ ಒಂದರ ಕೊರತೆ ಇನ್ನೊಂದು ತುಂಬತ್ತೆ. ಸೊಪ್ಪು ಬೇಯಿಸಿದ ನೀರಿಗೆ ಇಳಿಯೋ ಸತ್ವಾನೂ ಬಸ್ಸಾರಲ್ಲಿ ಚೆಲ್ಲಿಹೋಗಲ್ಲ, ಕುಡಿದೇ ಕುಡೀತೀರಿ. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯೋಕೆ ಅದು ಸಹಾಯ ಮಾಡತ್ತೆ, ಊಟ ಆದ ತಕ್ಷಣ ಟೀ ಕುಡಿಯೋದು ಅದಕ್ಕೆ ಅಡ್ಡಿ, ಒಂದು ಗಂಟೆ ಬಿಟ್ಟು ಕುಡೀರಿ. ಇದೆಲ್ಲ ಸರಿ ಆದ್ರೂ ಬಿ12 ಮಾತ್ರ ಸೊಪ್ಪಲ್ಲಿ ಕಾಳಲ್ಲಿ ಸಿಗಲ್ಲ, ಹಾಲು ಮೊಸರು ದಿನಾ ತಗೊಳ್ಳಿ. ನನ್ನ ಹೆಂಡತಿಗೆ ಕೈ ಕಾಲು ಜೋಮು ಹಿಡೀತಿತ್ತು, ಬ್ಲಡ್ ಟೆಸ್ಟ್ ಮಾಡ್ಸಿದಾಗ ಬಿ12 ತುಂಬಾ ಕಮ್ಮಿ ಇತ್ತು, ಡಾಕ್ಟರ್ ಮಾತ್ರೆ ಕೊಟ್ಟರು. ನೀವಿಬ್ರೂ ಒಂದ್ಸಲ ಟೆಸ್ಟ್ ಮಾಡ್ಸಿಕೊಳ್ಳಿ, ಇದನ್ನ ಅಡುಗೇಲಿ ಸರಿ ಮಾಡ್ತೀನಿ ಅಂತ ಕೂರಬೇಡಿ.

ಇನ್ನು ಟೈಮ್ ವಿಷಯ. ವಾರದ ದಿನ ನಿಜವಾಗಿ ಟೈಮ್ ತಿನ್ನೋದು ಸೊಪ್ಪು ಬಿಡಿಸೋ ಕೆಲಸ. ಭಾನುವಾರ ಸಂಜೆ ನಾನು ಮಗಳು ಟಿವಿ ಮುಂದೆ ಕೂತು ಎರಡು ಮೂರು ಕಟ್ಟು ಬಿಡಿಸ್ತೀವಿ, ತೊಳೆಯದೆ ಒಣ ಹತ್ತಿ ಬಟ್ಟೇಲಿ ಸುತ್ತಿ ಫ್ರಿಜ್ಜಲ್ಲಿಟ್ರೆ ಬುಧವಾರದ ತನಕ ಚೆನ್ನಾಗಿರತ್ತೆ. ಮಸಾಲೇನೂ ಎರಡು ಸಲಕ್ಕಾಗುವಷ್ಟು ಹುರಿದಿಟ್ಕೊಳ್ಳಬಹುದು, ರುಬ್ಬೋದು ಮಾತ್ರ ಆವತ್ತಾವತ್ತೇ. ಸೋಮವಾರ ಬುಧವಾರ ರಾತ್ರಿ ಬಸ್ಸಾರು ಮಾಡಿದ್ರೆ ಮಂಗಳವಾರ ಗುರುವಾರ ಮಧ್ಯಾಹ್ನದ ಡಬ್ಬಿಗೂ ಆಯ್ತು, ಹೊರಗಿಂದ ತರಿಸೋ ನಾಲ್ಕು ದಿನದಲ್ಲಿ ಎರಡಂತೂ ಅಲ್ಲೇ ಉಳೀತು. ಒಬ್ರ ಮೇಲೇ ಹಾಕ್ಬೇಡಿ ಆದ್ರೆ. ಇಬ್ರೂ ದುಡೀತೀರಿ, ಒಬ್ರು ಬೇಯಿಸೋವಾಗ ಇನ್ನೊಬ್ರು ರುಬ್ಬಿ, ಪಾತ್ರೆ ತೊಳೀರಿ.

ಮತ್ತೆ, ಬಸ್ಸಾರು ಮಾರನೇ ದಿನ ಇನ್ನೂ ರುಚಿ. ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬರ್ತಾಳೆ, ಆ ಹೊತ್ತಿಗೆ ಅವಳಿಗೆ ಇಡ್ಲಿ ದೋಸೆ ಏನೂ ಬೇಡ. ರಾತ್ರಿ ಉಳಿದ ಸಾರನ್ನ ಸಣ್ಣ ಉರೀಲಿ ಗಟ್ಟಿ ಆಗೋ ತನಕ ಕುದಿಸಿ ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪದ ಜೊತೆ ಹಾಕಿಕೊಡ್ತೀನಿ, ತಿಂದು ಮಲಗ್ತಾಳೆ.