ಓದುಗರ ಪ್ರಶ್ನೆ: ಕಥೆ ಹೇಳ್ಲಾ, ಗ್ರಾಮರ್ ಮಾಡ್ಲಾ?

ಪ್ರಶ್ನೆ: ನಾನು ಹೈಸ್ಕೂಲಿನ್ಯಾಗ 10ನೇ ಕ್ಲಾಸಿಗೆ ಇಂಗ್ಲಿಷ್ ಹೇಳ್ತೀನ್ರಿ, ಕನ್ನಡ ಮೀಡಿಯಂ ಹುಡುಗ್ರು. ಮೊದಲನೇ ಪಾಠ ಆರ್.ಕೆ. ನಾರಾಯಣ್ ಅವರ 'ಎ ಹೀರೋ'. ಕಥಿ ಅಂದ್ರ ಬಾಯಿ ತಕ್ಕೊಂಡು ಕೇಳ್ತಾರ, ಅದ ಪಾಠದ ಹಿಂದ ಗ್ರಾಮರ್ ಬಂತಂದ್ರ ಮಾರಿ ಸಣ್ಣ ಮಾಡ್ತಾರ. ರಿಪೋರ್ಟೆಡ್ ಸ್ಪೀಚ್, ಅಂದ್ರ ಒಬ್ರು ಆಡಿದ ಮಾತನ್ನ ಇನ್ನೊಬ್ರಿಗೆ ಹೇಳೂದು, ಅದರ ರೂಲ್ಸ್ ಎಲ್ಲಾ ಬಾಯಿಪಾಠ ಹೇಳ್ತಾರ್ರಿ, ಬರೀರಿ ಅಂದ್ರ ಎಲ್ಲಾ ತಪ್ಪು. ಎರಡೂ ಕೂಡಿಸಿ ಹೇಳೂದು ಹೆಂಗ? ನಡುವ ಕನ್ನಡ ಬಳಸಬಹುದೇನ್ರಿ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಮೊದಲ ಪಿರಿಯಡ್‌ನಲ್ಲಿ ಗ್ರಾಮರ್ ಸುದ್ದಿಗೇ ಹೋಗ್ಬೇಡಿ. ಲೇಖಕರ ಪರಿಚಯ, ಹೊಸ ಪದಗಳ ಪಟ್ಟಿ ಅಂತ ಬೋರ್ಡ್ ತುಂಬಿಸೋದೂ ಬೇಡ. "ನಿಮ್ಮಲ್ಲಿ ಯಾರ್ಯಾರು ರಾತ್ರಿ ಒಬ್ರೇ ಮಲಗ್ತೀರಿ?" ಅಂತ ಒಂದು ಮಾತು ಕೇಳಿ ನೋಡಿ. ಧೈರ್ಯ ತೋರ್ಸೋಕೆ ನಾಲ್ಕು ಜನ ಕೈ ಎತ್ತುತ್ತಾರೆ, ಪಕ್ಕದವನು "ಸುಳ್ಳು ಮಿಸ್" ಅಂತಾನೆ, ಇಡೀ ಕ್ಲಾಸ್ ಎಚ್ಚರ ಆಗುತ್ತೆ, ಆಗ ಓದೋಕೆ ಶುರು ಮಾಡಿ. ನೀವೇ ಓದಿ, ಜೋರಾಗಿ, ಅಪ್ಪನ ಮಾತಿಗೆ ಅಪ್ಪನ ದನಿ, ಕಥೆಯ ಹುಡುಗ ಸ್ವಾಮಿ ಮಾತಿಗೆ ಸ್ವಾಮಿ ದನಿ ಕೊಟ್ಟು.

ಕಥೆ ಗೊತ್ತಿಲ್ಲದ ಓದುಗರಿಗೋಸ್ಕರ ಎರಡು ಮಾತು. ಹಳ್ಳಿ ಹುಡುಗನೊಬ್ಬ ಹುಲಿನ ಎದುರಿಸಿದ ಅಂತ ಪೇಪರಲ್ಲಿ ಸುದ್ದಿ ಬಂದಿರುತ್ತೆ. ಧೈರ್ಯ ಒಂದಿದ್ರೆ ಸಾಕು, ವಯಸ್ಸು ಶಕ್ತಿ ಮುಖ್ಯ ಅಲ್ಲ ಅಂತಾರೆ ಸ್ವಾಮಿಯ ಅಪ್ಪ. ಸ್ವಾಮಿ ಒಪ್ಪಲ್ಲ. ಹಾಗಾದ್ರೆ ಧೈರ್ಯ ತೋರ್ಸು, ಇವತ್ತು ರಾತ್ರಿ ನನ್ನ ಆಫೀಸ್ ರೂಮಲ್ಲಿ ಒಬ್ಬನೇ ಮಲಗು ಅಂತಾರೆ. ದಿನಾ ಅಜ್ಜಿ ಮಗ್ಗುಲಲ್ಲಿ ಮಲಗೋ ಹುಡುಗ ಅದು. ಪಾಪ, ಕ್ರಿಕೆಟ್ ಕ್ಲಬ್ ವಿಷಯ ತೆಗೆದು ಮಾತು ತಪ್ಪಿಸೋಕೆ ನೋಡ್ತಾನೆ, ಮುಂದಿನ ತಿಂಗಳಿಂದ ಮಲಗ್ತೀನಿ ಅಂತಾನೆ, ಏನೂ ನಡೆಯಲ್ಲ. ಕೊನೆಗೆ ಬೆಂಚಿನ ಕೆಳಗೆ ಮುದುಡ್ಕೊಂಡು ಮಲಗ್ತಾನೆ, ಕತ್ತಲಲ್ಲಿ ಏನೋ ಓಡಾಡ್ತಿರೋದು ಕಾಣುತ್ತೆ...

ಅಲ್ಲಿ ಪುಸ್ತಕ ಮುಚ್ಚಿಬಿಡಿ. ಏನದು ಅಂತ ಮಕ್ಕಳೇ ಹೇಳ್ಲಿ, ದೆವ್ವ ಅಂತಾರೆ, ಬೆಕ್ಕು ಅಂತಾರೆ, ಮುಂದೆ ಓದಿದವರು ಕಳ್ಳ ಅಂತಾರೆ, ಎಲ್ಲ ಹೇಳ್ಲಿ. ಆಮೇಲೆ ಉಳಿದಿದ್ದನ್ನ ಒಂದೇ ಉಸಿರಲ್ಲಿ ಓದಿ ಮುಗಿಸಿ.

ಕನ್ನಡ ಬಳಸಬಹುದಾ ಅಂದ್ರಲ್ಲ, ಧಾರಾಳವಾಗಿ ಬಳಸಿ, ಆದ್ರೆ ಒಂದು ವಾಕ್ಯ ಇಂಗ್ಲಿಷು ಒಂದು ವಾಕ್ಯ ಕನ್ನಡ ಅಂತ ಓದ್ಬೇಡಿ. ಹಾಗೆ ಓದಿದ್ರೆ ಇಂಗ್ಲಿಷ್ ಬಂದಾಗ ಮಕ್ಕಳು ಸುಮ್ನೆ ಕೂತಿರ್ತಾರೆ, ಹೇಗೂ ಈಗ ಕನ್ನಡ ಬರುತ್ತೆ ಅಂತ ಕಾಯ್ತಾರೆ. ಒಂದು ಪ್ಯಾರಾ ಪೂರ್ತಿ ಓದಿ, ಏನಾಯ್ತು ಅಂತ ಕೇಳಿ, ಉತ್ತರ ಕನ್ನಡದಲ್ಲೇ ಬರ್ಲಿ. ಪದಗಳ ಅರ್ಥಾನೂ ಅಷ್ಟೇ, ಯಾವುದು ಗೊತ್ತಿಲ್ದಿದ್ರೆ ಕಥೆ ಮುಂದಕ್ಕೆ ಹೋಗೋದೇ ಇಲ್ವೋ ಅದನ್ನ ಮಾತ್ರ ಹೇಳಿ.

ಇನ್ನು ಗ್ರಾಮರ್. ಈ ಕಥೆಗೆ ರಿಪೋರ್ಟೆಡ್ ಸ್ಪೀಚ್ ಬಿಟ್ರೆ ಬೇರೆ ಏನನ್ನೂ ಜೋಡಿಸ್ಬೇಡಿ ಅಂತೀನಿ ನಾನು, ಯಾಕಂದ್ರೆ ಅರ್ಧ ಕಥೆ ಅಪ್ಪ-ಮಗನ ಮಾತಲ್ಲೇ ನಡೆಯುತ್ತೆ, ಇದನ್ನ ಮನೇಲಿ ಯಾರಿಗಾದ್ರೂ ಹೇಳ್ಬೇಕು ಅಂದ್ರೆ ಅವರು ಹೀಗಂದ್ರು ಇವನು ಹೀಗಂದ ಅಂತಾನೇ ಹೇಳ್ಬೇಕು. ಮಕ್ಕಳು ಎಲ್ಲಿ ಎಡವ್ತಾರೆ ನೋಡಿ. ನಾವು ಕನ್ನಡದಲ್ಲಿ "ನಾನು ಒಬ್ಬನೇ ಮಲಗ್ತೀನಿ ಅಂತ ಸ್ವಾಮಿ ಹೇಳಿದ" ಅಂತೀವಿ. 'ನಾನು' ಹಾಗೇ ಉಳೀತು, 'ಮಲಗ್ತೀನಿ' ಹಾಗೇ ಉಳೀತು, ಹಿಂದೆ ಒಂದು 'ಅಂತ' ಬಿತ್ತು, ಕೆಲಸ ಮುಗೀತು. ಅದನ್ನೇ ನಂಬಿ ಹುಡುಗ "ಸ್ವಾಮಿ ಸೆಡ್ ದಟ್ ಐ ವಿಲ್ ಸ್ಲೀಪ್ ಅಲೋನ್" ಅಂತ ಬರೀತಾನೆ. ಅವನು ದಡ್ಡ ಅಲ್ಲ, ತನ್ನ ಭಾಷೆ ರೂಲನ್ನ ಸರಿಯಾಗೇ ಹಾಕಿದ್ದಾನೆ! ಇದನ್ನ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ತೋರ್ಸಿ. ಇಂಗ್ಲಿಷಲ್ಲಿ ಹೇಳೋನು ನಾನಾಗಿರೋದ್ರಿಂದ ಸ್ವಾಮಿಯ 'ಐ' ಹೋಗಿ 'ಹಿ' ಆಗುತ್ತೆ, ಹೇಳಿದ್ದು ನಿನ್ನೆ ಆಗಿರೋದ್ರಿಂದ 'ವಿಲ್' ಹೋಗಿ 'ವುಡ್' ಆಗುತ್ತೆ: "ಸ್ವಾಮಿ ಸೆಡ್ ದಟ್ ಹಿ ವುಡ್ ಸ್ಲೀಪ್ ಅಲೋನ್". ಯಾಕೆ ಬದಲಾಗುತ್ತೆ ಅಂತ ಒಮ್ಮೆ ಹೊಳೆದ್ರೆ ರೂಲ್ಸ್ ಪಟ್ಟಿಯ ಅರ್ಧ ಬೇಕಾಗೋದೇ ಇಲ್ಲ.

ಶುರು ಮಾಡೋದು ಮಾತ್ರ ಈ ವಾಕ್ಯದಿಂದ ಅಲ್ಲ. ಮೊದಲು ಅಪ್ಪನ ಆಜ್ಞೆ ತಗೊಳ್ಳಿ. "ಅಪ್ಪ ಒಬ್ಬನೇ ಮಲಗೋಕೆ ಹೇಳಿದ್ರು" ಅಂತ ಕನ್ನಡದಲ್ಲೂ ಅಂತೀವಲ್ಲ, "ಫಾದರ್ ಟೋಲ್ಡ್ ಹಿಮ್ ಟು ಸ್ಲೀಪ್ ಅಲೋನ್" ಅದೇ ಅಚ್ಚು, ಮಕ್ಕಳಿಗೆ ತಕ್ಷಣ ಸಿಗುತ್ತೆ, ಧೈರ್ಯಾನೂ ಬರುತ್ತೆ. ಅದಾದ್ಮೇಲೆ ಸ್ವಾಮಿ ಮಾತು. ಪ್ರಶ್ನೆಗಳು ಕೊನೆಗೆ, ಯಾಕಂದ್ರೆ ಎಲ್ಲಕ್ಕಿಂತ ಕಷ್ಟ ಅವೇ.

ಪ್ರಶ್ನೆಗಳಿಗೆ ಒಂದು ಆಟ ಮಾಡ್ಸಿ. ಕತ್ತಲಲ್ಲಿ ಓಡಾಡ್ತಿದ್ದವನನ್ನ ಸ್ವಾಮಿ ಕಚ್ಚಿ ಹಿಡೀತಾನೆ, ಅವನು ಕಳ್ಳ ಅಂತ ಗೊತ್ತಾದ್ಮೇಲೆ ಬೆಳಗ್ಗೆ ಪೊಲೀಸ್ ಬಂದು ವಿಚಾರಣೆ ಮಾಡ್ತಾನೆ ಅಂತ ಇಟ್ಕೊಳ್ಳಿ. ಒಬ್ಬ ಪೊಲೀಸು, ಒಬ್ಬ ಸ್ವಾಮಿ, ಇನ್ನೊಬ್ಬಳು ಪೇಪರ್ ರಿಪೋರ್ಟರು. ಪೊಲೀಸು ಸ್ವಾಮಿ ಹತ್ರ ಹೋಗಿ ಮೆಲ್ಲಗೆ "ವೇರ್ ಡಿಡ್ ಯು ಸ್ಲೀಪ್?" ಅಂತ ಕೇಳ್ತಾನೆ, ಹಿಂದಿನ ಬೆಂಚಿಗೆ ಕೇಳಿಸ್ಬಾರ್ದು. ಕೇಳಿಸ್ದೇ ಇದ್ದವರಿಗೆ ರಿಪೋರ್ಟರೇ ಹೇಳ್ಬೇಕು: "ಹಿ ಆಸ್ಕ್ಡ್ ಸ್ವಾಮಿ ವೇರ್ ಹಿ ಹ್ಯಾಡ್ ಸ್ಲೆಪ್ಟ್". ಹುಡುಗಿ "ವೇರ್ ಡಿಡ್ ಹಿ ಸ್ಲೀಪ್" ಅಂದೇ ಅಂತಾಳೆ, ಅಲ್ಲಿ ನಿಲ್ಲಿಸಿ, 'ಡಿಡ್' ಬಿಟ್ಟು ಹೇಳಮ್ಮ ಅನ್ನಿ. ಈಗ ನೀನು ಪ್ರಶ್ನೆ ಕೇಳ್ತಿಲ್ಲ, ಕೇಳಿದ್ದನ್ನ ವರದಿ ಮಾಡ್ತಿದ್ದೀಯ ಅಂತ ವಿವರಿಸಿ. ಪಾತ್ರ ಬದಲಾಯಿಸ್ತಾ ಒಂದು ಪಿರಿಯಡ್ ಪೂರ್ತಿ ಇದೇ ನಡೀಲಿ, ಗಲಾಟೆ ಆಗುತ್ತೆ, ಆಗ್ಲಿ.

ಆಮೇಲೆ ಬರೆಸಿ, ಅರ್ಧ ಪುಟ, ಪೇಪರ್ ವರದಿ ಥರ. ತಿದ್ದುವಾಗ ರಿಪೋರ್ಟೆಡ್ ಸ್ಪೀಚ್ ತಪ್ಪು ಮಾತ್ರ ತಿದ್ದಿ ಮೇಡಂ, ದಯವಿಟ್ಟು. ಸ್ಪೆಲಿಂಗು, ಆರ್ಟಿಕಲ್ಲು, ಪ್ರಿಪೊಸಿಷನ್ನು ಎಲ್ಲದಕ್ಕೂ ಕೆಂಪು ಗೆರೆ ಎಳೆದ್ರೆ ಆ ಹುಡುಗ ಮುಂದಿನ ಸಲ ಎರಡೇ ವಾಕ್ಯ ಬರೀತಾನೆ, ತಪ್ಪು ಕಮ್ಮಿ ಆಗುತ್ತಲ್ಲ ಅಂತ.

ನಾರಾಯಣ್ ಯಾರು ಅನ್ನೋದನ್ನ ಕೊನೆಗೆ ಹೇಳಿ, ಆಗ ಮಕ್ಕಳೇ ಕೇಳ್ತಾರೆ. ಹುಟ್ಟಿದ್ದು 1906ರಲ್ಲಿ ಮದ್ರಾಸಲ್ಲಾದ್ರೂ ಬದುಕಿನ ಬಹುಪಾಲು ಮೈಸೂರಲ್ಲೇ, ತಂದೆ ಹೆಡ್‌ಮಾಸ್ಟರು, ಯಾದವಗಿರಿಯ ಮನೆ ಈಗ ಮ್ಯೂಸಿಯಂ. 80ರ ದಶಕದಲ್ಲಿ ಶಂಕರ್ ನಾಗ್ ಇವರ ಕಥೆಗಳನ್ನೇ ಇಟ್ಕೊಂಡು ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಸೀರಿಯಲ್ ತೋರ್ಸೋದಾದ್ರೆ ಪಾಠ ಮುಗಿದ್ಮೇಲೇ ತೋರ್ಸಿ. ಮೊದಲೇ ನೋಡಿಬಿಟ್ರೆ ಅದರಲ್ಲಿ ಸ್ವಾಮಿ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥನೇ ತಲೇಲಿ ಕೂತ್ಬಿಡ್ತಾನೆ, ತಮ್ಮದೇ ಸ್ವಾಮಿನ ಕಲ್ಪಿಸ್ಕೊಳ್ಳೋ ಖುಷಿ ಮಕ್ಕಳಿಗೆ ಸಿಗಲ್ಲ.

ಪ್ರಶ್ನೆ: ಮಗಳು 8ನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಓದಿದ್ದು 7ನೇ ಕ್ಲಾಸ್ ವರೆಗೆ, ಕನ್ನಡದಲ್ಲಿ. ಕಥೆ ಪಾಠಕ್ಕೂ ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡ್ತಾಳೆ. ಟ್ಯೂಷನ್‌ಗೆ ಕಳ್ಸೋ ಶಕ್ತಿ ಇಲ್ಲ. ನಾನೇನಾದ್ರೂ ಮಾಡಬಹುದಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಖಂಡಿತ ಮಾಡಬಹುದಮ್ಮ. ಅಡುಗೆ ಮಾಡ್ತಾ ಇರುವಾಗ ಪಕ್ಕ ಕೂರಿಸ್ಕೊಂಡು ಆ ಕಥೆನ ಕನ್ನಡದಲ್ಲಿ ಹೇಳು ಅನ್ನಿ. ನಡುವೆ "ಆಮೇಲೆ?" "ಅವನು ಯಾಕೆ ಹಾಗ್ಮಾಡ್ದ?" ಅಂತ ಕೇಳ್ತಾ ಹೋಗಿ. ಹೇಳೋಕೆ ಬರ್ಲಿಲ್ಲ ಅಂದ್ರೆ ಪಾಠ ಅರ್ಥ ಆಗಿಲ್ಲ ಅಂತ ನಿಮಗೇ ಗೊತ್ತಾಗುತ್ತೆ, ಅದಕ್ಕೆ ಇಂಗ್ಲಿಷ್ ಬರ್ಬೇಕಾಗಿಲ್ಲ. ದಿನಾ ಒಂದು ಪ್ಯಾರಾ ನಿಮ್ಮೆದುರು ಜೋರಾಗಿ ಓದ್ಲಿ, ತಡವರಿಸಿದ ಕಡೆ ಪೆನ್ಸಿಲಲ್ಲಿ ಗುರುತು ಹಾಕಿ, ಮಾರನೇ ದಿನ ಅಷ್ಟನ್ನ ಟೀಚರ್ ಹತ್ರ ಕೇಳ್ಕೊಂಡು ಬರ್ಲಿ. ಗೈಡ್ ಮುಚ್ಚಿಟ್ಟು ಸ್ವಂತವಾಗಿ ಐದು ವಾಕ್ಯ ಬರೀಲಿ, ಶುರುವಲ್ಲಿ ಕ್ಯಾಪಿಟಲ್ ಅಕ್ಷರ ಇದೆಯಾ, ಕೊನೇಲಿ ಚುಕ್ಕೆ ಇದೆಯಾ ಅಂತ ನೀವೇ ನೋಡಬಹುದು. ತಪ್ಪು ಇಂಗ್ಲಿಷಾದ್ರೂ ಅವಳದ್ದೇ ಆಗಿದ್ರೆ ಟೀಚರ್‌ಗೆ ತಿದ್ದೋಕೆ ಏನಾದ್ರೂ ಸಿಗುತ್ತೆ.

ಪ್ರಶ್ನೆ: 'ಎ' ಯಾವಾಗ, 'ದ' ಯಾವಾಗ? ನಮ್ಮ ಸರ್ ಹೇಳಿದ್ರೂ ತಲೆಗೆ ಹೋಗ್ಲಿಲ್ಲ.
— 9ನೇ ತರಗತಿ ವಿದ್ಯಾರ್ಥಿ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮಜ್ಜಿ ಕಥೆ ಹೇಗೆ ಶುರು ಮಾಡ್ತಾರೆ ನೆನಪು ಮಾಡ್ಕೋ ಮರಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡ್ತೀರು." ಮೊದಲ ಸಲ 'ಒಬ್ಬ ರಾಜ', ಎರಡನೇ ಸಲ 'ಆ ರಾಜ'. ಇಂಗ್ಲಿಷಲ್ಲೂ ಕೇಳೋರಿಗೆ ಗೊತ್ತಿಲ್ದೇ ಇರೋನು ಬಂದಾಗ 'ಎ ಕಿಂಗ್', ಪರಿಚಯ ಆದ್ಮೇಲೆ 'ದ ಕಿಂಗ್'. ಸೂರ್ಯ ಚಂದ್ರ ಎಲ್ಲರಿಗೂ ಮೊದಲೇ ಗೊತ್ತು, ಇರೋದೂ ಒಬ್ಬೊಬ್ರೇ, ಅದಕ್ಕೇ 'ದ ಸನ್', 'ದ ಮೂನ್'. 'ಆನ್' ಬೇಕಾ ಬೇಡ್ವಾ ಅನ್ನೋದನ್ನ ಮಾತ್ರ ಸ್ಪೆಲಿಂಗ್ ನೋಡಿ ಹೇಳ್ಬೇಡ, ಬಾಯಲ್ಲಿ ಅಂದು ನೋಡು: 'ಆನ್ ಅವರ್', 'ಎ ಯೂನಿವರ್ಸಿಟಿ'. ಇವತ್ತೇ ಅಜ್ಜಿ ಕಥೆ ಒಂದನ್ನ ಇಂಗ್ಲಿಷಲ್ಲಿ ಹತ್ತು ಸಾಲು ಬರೆದು, ಪ್ರತಿ ನಾಮಪದಕ್ಕೆ ಮುಂಚೆ ಏನಿದೆ ಅಂತ ನೋಡ್ಕೊಂಡು ಸರ್‌ಗೆ ತೋರ್ಸು.